ಪಿಎಸ್2, ಗೇಮ್‌ಕ್ಯೂಬ್, ಎಕ್ಸ್‌ಬಾಕ್ಸ್, ಡ್ರೀಮ್‌ಕಾಸ್ಟ್: ಗ್ರಾಫಿಕ್ಸ್ ಶಕ್ತಿಯನ್ನು ಸರಿಯಾಗಿ ಹೋಲಿಸುವುದು ಹೇಗೆ?

ಸೋನಿಯ ಪ್ಲೇಸ್ಟೇಷನ್ 2 (ಪಿಎಸ್2), ನಿಂಟೆಂಡೊದ ಗೇಮ್‌ಕ್ಯೂಬ್, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್, ಸೆಗಾದ ಡ್ರೀಮ್‌ಕಾಸ್ಟ್, ಈ ಆರನೇ ತಲೆಮಾರಿನ ಕನ್ಸೋಲ್‌ಗಳಲ್ಲಿ (ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರಗಳಲ್ಲಿ) ಯಾವುದರ ಗ್ರಾಫಿಕ್ಸ್ ಜೋರು ಅಂತ ಕೇಳಿದರೆ ಥಟ್ಟನೆ ಬರುವ ಉತ್ತರ ಎಕ್ಸ್‌ಬಾಕ್ಸ್. ಬಹುಮಟ್ಟಿಗೆ ಅದು ಸರಿಯೇ. ಆದರೆ ಯಾವ ಕೆಲಸದಲ್ಲಿ ಜೋರು, ಎಷ್ಟು ಜೋರು, ಯಾವುದರಲ್ಲಿ ಹಿಂದೆ ಅಂತ ಮರುಪ್ರಶ್ನೆ ಹಾಕಿದರೆ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ಕಂಪನಿಗಳು ಕೊಟ್ಟ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಗೊಂದಲ ಇನ್ನೂ ಜಾಸ್ತಿಯಾಗುತ್ತದೆ. ಪಿಎಸ್2ಗೆ ಸೆಕೆಂಡಿಗೆ 6.6 ಕೋಟಿ ಪಾಲಿಗನ್ (ಚಿತ್ರ ಕಟ್ಟುವ ಪುಟ್ಟ ತ್ರಿಕೋನ), ಗೇಮ್‌ಕ್ಯೂಬ್‌ಗೆ 60 ಲಕ್ಷದಿಂದ 1.2 ಕೋಟಿ. ಇದನ್ನು ಹಾಗೇ ನಂಬಿದರೆ ಪಿಎಸ್2 ಕನಿಷ್ಠ ಐದು ಪಟ್ಟು ಜೋರಿರಬೇಕು. ಎರಡರಲ್ಲೂ ಆಡಿದವರಿಗೆ ಗೊತ್ತು, ಹಾಗೆ ಕಾಣುವುದಿಲ್ಲ.

ಅಂಕಿ ಸುಳ್ಳಲ್ಲ. ಅದನ್ನು ಯಾವ ಷರತ್ತಿನಲ್ಲಿ ಅಳೆದರು ಅನ್ನುವುದನ್ನು ಬಿಟ್ಟು ಓದುವುದೇ ತಪ್ಪು. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಎಲ್ಲ ಅಂಕಿಗಳನ್ನೂ ಒಂದೇ ಫ್ರೇಮ್‌ನ (ಪರದೆಗೆ ಒಂದು ಸಲ ಬರುವ ಪೂರ್ತಿ ಚಿತ್ರದ) ಅಳತೆಗೆ ಇಳಿಸುತ್ತೇವೆ. ಆಮೇಲೆ ಪ್ರತಿ ಯಂತ್ರದಲ್ಲಿ ಕೆಲಸ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತ ಹುಡುಕುತ್ತೇವೆ. ಕೊನೆಗೆ ನಿಜವಾದ ಗೇಮ್‌ನಲ್ಲಿ ಅದು ಕಣ್ಣಿಗೆ ಕಾಣುತ್ತದಾ ಅಂತ ಪರೀಕ್ಷೆ ಮಾಡುತ್ತೇವೆ. ಬೇಕಾಗುವುದು ಕಾಗದ, ಕ್ಯಾಲ್ಕುಲೇಟರ್, ಕನ್ಸೋಲ್‌ನ ಚಿತ್ರವನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುವ ಒಂದು ಕ್ಯಾಪ್ಚರ್ ಸಾಧನ ಮತ್ತು ಸಾಕಷ್ಟು ತಾಳ್ಮೆ.

ಹಂತ 1: ನಾಲ್ಕು ಯಂತ್ರಗಳ ಜಾತಕ ಬರೆದುಕೊಳ್ಳಿ

ಮೊದಲು ಬಿಡುಗಡೆಯ ದಿನಾಂಕ. ಡ್ರೀಮ್‌ಕಾಸ್ಟ್ ಜಪಾನಿನಲ್ಲಿ ಬಂದದ್ದು 1998ರ ನವೆಂಬರ್‌ನಲ್ಲಿ. ಪಿಎಸ್2 ಅಲ್ಲೇ 2000ದ ಮಾರ್ಚ್‌ನಲ್ಲಿ. ಗೇಮ್‌ಕ್ಯೂಬ್ 2001ರ ಸೆಪ್ಟೆಂಬರ್‌ನಲ್ಲಿ, ಅದೂ ಜಪಾನಿನಲ್ಲೇ. ಎಕ್ಸ್‌ಬಾಕ್ಸ್ ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದಲ್ಲಿ. ಮೊದಲನೆಯದಕ್ಕೂ ಕೊನೆಯದಕ್ಕೂ ಮೂರು ವರ್ಷದ ಅಂತರ. ಆ ಕಾಲದ ಗ್ರಾಫಿಕ್ಸ್ ಚಿಪ್‌ಗಳ ಮಟ್ಟಿಗೆ ಮೂರು ವರ್ಷ ಬಹಳ ದೊಡ್ಡದು. ಡ್ರೀಮ್‌ಕಾಸ್ಟ್ ಹಿಂದೆ ಬಿದ್ದಿತು ಅನ್ನುವ ಮುಂಚೆ ಇದು ನೆನಪಿರಲಿ.

ಇನ್ನು ಒಳಗಿನ ಭಾಗಗಳು.

ಡ್ರೀಮ್‌ಕಾಸ್ಟ್: 200 ಮೆಗಾಹರ್ಟ್ಸ್‌ನ ಹಿಟಾಚಿ ಎಸ್‌ಎಚ್-4 ಪ್ರೊಸೆಸರ್, 100 ಮೆಗಾಹರ್ಟ್ಸ್‌ನ ಪವರ್‌ವಿಆರ್2 ಗ್ರಾಫಿಕ್ಸ್ ಚಿಪ್, 16 ಎಂಬಿ ಮುಖ್ಯ ಮೆಮೊರಿ, ಗ್ರಾಫಿಕ್ಸ್‌ಗೆ ಪ್ರತ್ಯೇಕ 8 ಎಂಬಿ.

ಪಿಎಸ್2: ಸುಮಾರು 295 ಮೆಗಾಹರ್ಟ್ಸ್‌ನ ಎಮೋಷನ್ ಎಂಜಿನ್. ಅದರೊಳಗೆ ಲೆಕ್ಕ ಮಾಡಲಿಕ್ಕೆ ಎರಡು ವೆಕ್ಟರ್ ಘಟಕಗಳು. ಚಿತ್ರ ಬರೆಯಲು ಸುಮಾರು 147 ಮೆಗಾಹರ್ಟ್ಸ್‌ನ ಗ್ರಾಫಿಕ್ಸ್ ಸಿಂಥಸೈಜರ್, ಅದರ ಹೊಟ್ಟೆಯೊಳಗೇ 4 ಎಂಬಿ ಮೆಮೊರಿ. ಮುಖ್ಯ ಮೆಮೊರಿ 32 ಎಂಬಿ.

ಗೇಮ್‌ಕ್ಯೂಬ್: ಐಬಿಎಂ ತಯಾರಿಸಿದ, ಸುಮಾರು 486 ಮೆಗಾಹರ್ಟ್ಸ್‌ನ ಗೆಕ್ಕೊ ಪ್ರೊಸೆಸರ್. ಆರ್ಟ್‌ಎಕ್ಸ್ ಅನ್ನುವ ಕಂಪನಿ ವಿನ್ಯಾಸ ಮಾಡಿದ 162 ಮೆಗಾಹರ್ಟ್ಸ್‌ನ ಫ್ಲಿಪ್ಪರ್ ಚಿಪ್. ಆ ಕಂಪನಿಯನ್ನು 2000ದಲ್ಲಿ ಎಟಿಐ ಕೊಂಡುಕೊಂಡಿತು. ಮುಖ್ಯ ಮೆಮೊರಿ 24 ಎಂಬಿ, ನಿಧಾನದ ಇನ್ನೊಂದು 16 ಎಂಬಿ, ಚಿಪ್‌ನೊಳಗೆ 3 ಎಂಬಿ.

ಎಕ್ಸ್‌ಬಾಕ್ಸ್: ಪೆಂಟಿಯಂ 3 ವಂಶದ 733 ಮೆಗಾಹರ್ಟ್ಸ್ ಪ್ರೊಸೆಸರ್, ಎನ್‌ವಿಡಿಯಾದ 233 ಮೆಗಾಹರ್ಟ್ಸ್ ಎನ್‌ವಿ2ಎ ಚಿಪ್, ಇಬ್ಬರೂ ಹಂಚಿಕೊಳ್ಳುವ 64 ಎಂಬಿ ಮೆಮೊರಿ.

ಬರೆದುಕೊಂಡಿರಾ? ಈಗ ಮೆಗಾಹರ್ಟ್ಸ್ ಕಾಲಮ್ ಮೇಲೆ ಒಂದು ಗೆರೆ ಎಳೆದುಬಿಡಿ. ಒಂದು ಮೆಗಾಹರ್ಟ್ಸ್ ಅಂದರೆ ಸೆಕೆಂಡಿಗೆ ಹತ್ತು ಲಕ್ಷ ಸೈಕಲ್ (ಚಿಪ್‌ನ ಗಡಿಯಾರದ ಬಡಿತ). ಒಂದೊಂದು ಚಿಪ್ ಒಂದು ಸೈಕಲ್‌ನಲ್ಲಿ ಮಾಡುವ ಕೆಲಸ ಬೇರೆ ಬೇರೆ. 147 ಮೆಗಾಹರ್ಟ್ಸ್‌ನ ಪಿಎಸ್2 ಚಿಪ್ ಒಂದೇ ಸೈಕಲ್‌ನಲ್ಲಿ 16 ಪಿಕ್ಸೆಲ್ ಬರೆಯುತ್ತದೆ, 233ರ ಎಕ್ಸ್‌ಬಾಕ್ಸ್ ಚಿಪ್ 4 ಬರೆಯುತ್ತದೆ. ಮೆಗಾಹರ್ಟ್ಸ್ ಲೆಕ್ಕಕ್ಕೆ ಬೇಕು, ಹೋಲಿಕೆಗೆ ಬೇಡ.

ಹಂತ 2: ಪಾಲಿಗನ್ ಅಂಕಿಯನ್ನು ಒಂದು ಫ್ರೇಮ್‌ಗೆ ಇಳಿಸಿ

ಸಾಮಾನ್ಯವಾಗಿ ಎಲ್ಲರೂ ಮೊದಲು ಹಿಡಿದುಕೊಳ್ಳುವುದು ಪಾಲಿಗನ್ ಅಂಕಿಯನ್ನೇ. ಸೆಕೆಂಡಿಗೆ 60 ಫ್ರೇಮ್ ಅಂತ ಹಿಡಿದು ಅದನ್ನು 60ರಿಂದ ಭಾಗಿಸಿ ನೋಡಿ. ಪಿಎಸ್2ನ 6.6 ಕೋಟಿ ಅಂದರೆ ಒಂದು ಫ್ರೇಮ್‌ಗೆ 11 ಲಕ್ಷ ತ್ರಿಕೋನ. ಎಕ್ಸ್‌ಬಾಕ್ಸ್‌ನ 11.65 ಕೋಟಿ ಅಂದರೆ 19 ಲಕ್ಷಕ್ಕೂ ಮೇಲೆ. ಈಗ ಪರದೆಯ ಕಡೆ ನೋಡಿ. 640×480ರ ಪರದೆಯಲ್ಲಿ ಇರುವುದೇ 3,07,200 ಪಿಕ್ಸೆಲ್. ಅಂದರೆ ಒಂದೊಂದು ಪಿಕ್ಸೆಲ್‌ಗೆ ಮೂರು, ಆರು ತ್ರಿಕೋನ. ಯಾವ ಗೇಮ್ ಕೂಡ ಹಾಗೆ ಇರುವುದಿಲ್ಲ.

ಹಾಗಾದರೆ ಈ ಅಂಕಿ ಎಲ್ಲಿಂದ ಬಂತು? ಎಕ್ಸ್‌ಬಾಕ್ಸ್‌ನದು ಸುಲಭ: 233ರಲ್ಲಿ ಸರಿಯಾಗಿ ಅರ್ಧ 116.5, ಅಂದರೆ 11.65 ಕೋಟಿ. ಎರಡು ಸೈಕಲ್‌ಗೆ ಒಂದು ಶೃಂಗ (ತ್ರಿಕೋನದ ಮೂಲೆ) ಅನ್ನುವ ಗರಿಷ್ಠ ವೇಗ ಅಷ್ಟೇ ಅದು. ಬೆಳಕಿಲ್ಲ, ಟೆಕ್ಸ್ಚರ್ (ಮೇಲ್ಮೈಗೆ ಅಂಟಿಸುವ ಚಿತ್ರ) ಇಲ್ಲ, ಬೇರೆ ಯಾವ ಕೆಲಸವೂ ಇಲ್ಲ. ಪಿಎಸ್2 ವಿಷಯದಲ್ಲಿ ಸೋನಿ ಪಾರದರ್ಶಕವಾಗಿಯೇ ಇತ್ತು. ಬರೀ ಜಾಗ ಬದಲಿಸುವ ಲೆಕ್ಕಕ್ಕೆ 6.6 ಕೋಟಿ. ಬೆಳಕು ಸೇರಿಸಿದರೆ 3.8 ಕೋಟಿ. ಮಂಜನ್ನೂ ಸೇರಿಸಿದರೆ 3.6 ಕೋಟಿ. ಬಾಗಿದ ಮೇಲ್ಮೈಗಳನ್ನು ಹುಟ್ಟಿಸಬೇಕಾದರೆ 1.6 ಕೋಟಿ. ಒಂದೇ ಯಂತ್ರ, ಒಂದೇ ಕಂಪನಿ, ಷರತ್ತು ಬದಲಾದ ಹಾಗೆ ಅಂಕಿ ಕಾಲು ಭಾಗಕ್ಕೆ ಇಳಿಯುತ್ತದೆ.

ನಿಂಟೆಂಡೊ ಮಾಡಿದ್ದೇ ಬೇರೆ. ನಿಜವಾದ ಗೇಮ್‌ನಲ್ಲಿ ಇರುವಷ್ಟು ಬೆಳಕು, ಟೆಕ್ಸ್ಚರ್ ಎಲ್ಲ ಹಾಕಿ 60 ಲಕ್ಷದಿಂದ 1.2 ಕೋಟಿ ಅಂತ ಹೇಳಿತು. ಫ್ರೇಮ್‌ಗೆ 1 ಲಕ್ಷದಿಂದ 2 ಲಕ್ಷ. ಪರದೆಯ ಪಿಕ್ಸೆಲ್‌ಗಳ ಎದುರು ಇಟ್ಟರೆ ಇದೇ ನಂಬಬಹುದಾದ ಅಂಕಿ. ಅದಕ್ಕೇ ಈ ಮೂರು ಅಂಕಿಗಳನ್ನು ಒಂದೇ ಸಾಲಿನಲ್ಲಿ ಬರೆಯಲೇಬಾರದು. ಅಂಕಿಯ ಪಕ್ಕದಲ್ಲಿ ಷರತ್ತು ಬರೆಯಿರಿ. ಷರತ್ತು ಸಿಗದಿದ್ದರೆ ಆ ಅಂಕಿಯನ್ನು ಬಿಟ್ಟುಬಿಡಿ.

ಜತೆಗೆ ಇನ್ನೊಂದು ವಿಷಯ ಗುರುತು ಹಾಕಿಕೊಳ್ಳಿ: ಈ ಲೆಕ್ಕವನ್ನು ಮಾಡುವವರು ಯಾರು? ಡ್ರೀಮ್‌ಕಾಸ್ಟ್‌ನಲ್ಲಿ ಪ್ರೊಸೆಸರೇ ಮಾಡಬೇಕು. ಪಿಎಸ್2ನಲ್ಲಿ ವೆಕ್ಟರ್ ಘಟಕಗಳು ಮಾಡುತ್ತವೆ. ಅವಕ್ಕೆ ಬೇಕಾದ ಹಾಗೆ ಪ್ರೋಗ್ರಾಂ ಬರೆಯಬಹುದು, ಬರೆಯುವುದು ಮಾತ್ರ ಕಷ್ಟ. ಗೇಮ್‌ಕ್ಯೂಬ್‌ನಲ್ಲಿ ಫ್ಲಿಪ್ಪರ್ ಒಳಗಿನ ಸಿದ್ಧ ಸರ್ಕ್ಯೂಟ್. ಎಕ್ಸ್‌ಬಾಕ್ಸ್‌ನಲ್ಲಿ ಎರಡು ವರ್ಟೆಕ್ಸ್ ಶೇಡರ್ (ಶೃಂಗಗಳ ಲೆಕ್ಕ ಮಾಡುವ ಘಟಕ), ಅವೂ ಪ್ರೋಗ್ರಾಂ ಮಾಡಬಹುದಾದವು.

ಹಂತ 3: ಒಂದು ಪಿಕ್ಸೆಲ್‌ಗೆ ಎಷ್ಟು ಸಲ ಬಣ್ಣ ಬಳಿಯಬಹುದು?

ನನ್ನ ಮಟ್ಟಿಗೆ ಇಡೀ ಹೋಲಿಕೆಯಲ್ಲಿ ತುಂಬಾ ಉಪಯೋಗಕ್ಕೆ ಬರುವ ಲೆಕ್ಕ ಇದು. 3,07,200 ಪಿಕ್ಸೆಲ್‌ಗಳನ್ನು ಸೆಕೆಂಡಿಗೆ 60 ಸಲ ತುಂಬಬೇಕಾದರೆ ಸುಮಾರು 1.84 ಕೋಟಿ ಪಿಕ್ಸೆಲ್ ಬರೆಯಬೇಕು. ಚಿಪ್ ಸೆಕೆಂಡಿಗೆ ಬರೆಯಬಲ್ಲ ಒಟ್ಟು ಪಿಕ್ಸೆಲ್‌ಗಳನ್ನು ಇದರಿಂದ ಭಾಗಿಸಿ. ಬರುವ ಉತ್ತರ, ಪರದೆಯ ಪ್ರತಿ ಪಿಕ್ಸೆಲ್ ಮೇಲೆ ಒಂದು ಫ್ರೇಮ್‌ನಲ್ಲಿ ಎಷ್ಟು ಸಲ ಬಣ್ಣ ಬಳಿಯಬಹುದು ಅನ್ನುವುದು.

ಡ್ರೀಮ್‌ಕಾಸ್ಟ್: 10 ಕೋಟಿ ÷ 1.84 ಕೋಟಿ, ಸುಮಾರು 5 ಸಲ.
ಗೇಮ್‌ಕ್ಯೂಬ್: 64.8 ಕೋಟಿ, ಅಂದರೆ 35 ಸಲ.
ಎಕ್ಸ್‌ಬಾಕ್ಸ್: 93.2 ಕೋಟಿ, ಅಂದರೆ 50 ಸಲ.
ಪಿಎಸ್2: ಟೆಕ್ಸ್ಚರ್ ಇದ್ದರೆ ಸುಮಾರು 118 ಕೋಟಿ, ಅಂದರೆ 64 ಸಲ. ಟೆಕ್ಸ್ಚರ್ ಇಲ್ಲದ ಬರೀ ಬಣ್ಣವಾದರೆ ಅದರ ಎರಡರಷ್ಟು.

ಹೌದು, ಇಲ್ಲಿ ಪಿಎಸ್2 ಎಲ್ಲರಿಗಿಂತ ಮುಂದೆ. ಎಕ್ಸ್‌ಬಾಕ್ಸ್‌ಗಿಂತಲೂ. ಹೊಗೆ, ಧೂಳು, ಮಳೆ, ಕಿಡಿ, ಚಲನೆಯ ಮಸುಕು, ಇಂಥ ಪಾರದರ್ಶಕ ಪದರಗಳನ್ನು ಆ ಯಂತ್ರದ ಗೇಮ್‌ಗಳು ಧಾರಾಳವಾಗಿ ಬಳಸಿದ್ದಕ್ಕೆ ಕಾರಣ ಇದೇ.

ಆದರೆ ಎರಡು ತಿದ್ದುಪಡಿ ಮಾಡಲೇಬೇಕು. ಮೊದಲನೆಯದು ಡ್ರೀಮ್‌ಕಾಸ್ಟ್‌ಗೆ. ಅದರ ಚಿಪ್ ಪರದೆಯನ್ನು 32×32 ಪಿಕ್ಸೆಲ್‌ನ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿ ಯಾವುದು ಕಣ್ಣಿಗೆ ಕಾಣುತ್ತದೆ ಅಂತ ಮೊದಲು ಪತ್ತೆ ಹಚ್ಚುತ್ತದೆ. ಕಾಣುವುದಕ್ಕೆ ಮಾತ್ರ ಟೆಕ್ಸ್ಚರ್ ಹಾಕುತ್ತದೆ. ಗೋಡೆಯ ಹಿಂದಿನ ಮರಕ್ಕೆ ಬಣ್ಣ ಖರ್ಚಾಗುವುದೇ ಇಲ್ಲ. ಒಂದರ ಹಿಂದೊಂದು ಮೂರು ವಸ್ತುಗಳಿರುವ ದೃಶ್ಯ ಅಂದುಕೊಂಡರೆ, ಅದರ 5 ಸಲ ಬೇರೆಯವರ 15 ಸಲಕ್ಕೆ ಸಮ. ಪಾರದರ್ಶಕ ವಸ್ತುಗಳಿಗೆ ಮಾತ್ರ ಈ ಲಾಭ ಇಲ್ಲ.

ಎರಡನೆಯದು ಎಕ್ಸ್‌ಬಾಕ್ಸ್‌ಗೆ, ಮೆಮೊರಿಯ ದಾರಿಯ ಬಗ್ಗೆ. ಒಂದು ಪಿಕ್ಸೆಲ್ ಬರೆಯಬೇಕಾದರೆ ಆಳದ ಮಾಹಿತಿ (ಆ ಬಿಂದು ಎಷ್ಟು ದೂರದಲ್ಲಿದೆ ಅನ್ನುವುದು) ಓದಲು 4 ಬೈಟ್, ಬರೆಯಲು 4 ಬೈಟ್, ಬಣ್ಣ ಬರೆಯಲು 4 ಬೈಟ್. ಒಟ್ಟು 12. 93.2 ಕೋಟಿ ಪಿಕ್ಸೆಲ್‌ಗೆ ಲೆಕ್ಕ ಹಾಕಿ: ಸೆಕೆಂಡಿಗೆ ಸುಮಾರು 11.2 ಜಿಬಿ. ಎಕ್ಸ್‌ಬಾಕ್ಸ್‌ನ ಇಡೀ ಮೆಮೊರಿಯ ವೇಗವೇ 6.4 ಜಿಬಿ, ಅದರಲ್ಲೂ ಪ್ರೊಸೆಸರ್‌ಗೆ ಪಾಲು ಹೋಗಬೇಕು, ಟೆಕ್ಸ್ಚರ್ ಓದಬೇಕು. ಆಳದ ಮಾಹಿತಿಯನ್ನು ಒತ್ತಿ ಚಿಕ್ಕದು ಮಾಡುವ ಉಪಾಯ ಆ ಚಿಪ್‌ನಲ್ಲಿದೆ, ಅದು ಹೊರೆ ತಗ್ಗಿಸುತ್ತದೆ. ಆದರೂ ಕಾಗದದ ಮೇಲಿನ 50 ಸಲ ನಿಜವಾದ ಗೇಮ್‌ನಲ್ಲಿ ಸಿಗುವುದಿಲ್ಲ.

ಪಿಎಸ್2ಗೆ ಇದೇ ಲೆಕ್ಕ ಹಾಕಿದರೆ ಚಿತ್ರ ತಿರುಗುಮುರುಗು. ಚಿಪ್‌ನ ಒಳಗಿನ ಆ 4 ಎಂಬಿ ಮೆಮೊರಿಯ ವೇಗ ಸೆಕೆಂಡಿಗೆ 48 ಜಿಬಿ. ಬಣ್ಣ ಮತ್ತು ಆಳ ಎರಡನ್ನೂ ಓದಿ ಬರೆಯಲು ಪಿಕ್ಸೆಲ್‌ಗೆ 16 ಬೈಟ್ ಅಂದರೂ, 240 ಕೋಟಿ ಪಿಕ್ಸೆಲ್‌ಗೆ 38.4 ಜಿಬಿ. ಉಳಿದ 9.6 ಟೆಕ್ಸ್ಚರ್‌ಗೆ. ಅಂಕಿ ಸರಿಯಾಗಿ ಕೂಡಿಬರುತ್ತದೆ. ಪಾರದರ್ಶಕ ಹೊಗೆಯನ್ನು ಪದರ ಪದರವಾಗಿ ಹಾಕಿದರೂ ಈ ಚಿಪ್ ಏದುಸಿರು ಬಿಡುವುದಿಲ್ಲ. ಇಷ್ಟು ಅಚ್ಚುಕಟ್ಟಾದ ಲೆಕ್ಕಾಚಾರದ ವಿನ್ಯಾಸ ಆ ತಲೆಮಾರಿನಲ್ಲಿ ಬೇರೆ ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಹಂತ 4: ಮೇಲ್ಮೈಗೆ ಪದರಗಳನ್ನು ಸೇರಿಸಿ

ಹಾಗಾದರೆ ಪಿಎಸ್2 ಯಾಕೆ ಗೆಲ್ಲಲಿಲ್ಲ? ಒಂದು ಇಟ್ಟಿಗೆ ಗೋಡೆ ತೆಗೆದುಕೊಳ್ಳಿ. ಇಟ್ಟಿಗೆಯ ಚಿತ್ರ ಒಂದು ಪದರ. ಅದರ ಮೇಲೆ ಬಿದ್ದ ನೆರಳು ಬೆಳಕಿನ ನಕ್ಷೆ ಎರಡನೆಯದು. ಹತ್ತಿರ ಹೋದಾಗ ಕಾಣುವ ಒರಟು ಮೂರನೆಯದು. ಒದ್ದೆ ಹೊಳಪು ನಾಲ್ಕನೆಯದು.

ಪಿಎಸ್2 ಚಿಪ್ ಒಂದು ಸುತ್ತಿಗೆ ಒಂದೇ ಟೆಕ್ಸ್ಚರ್ ಹಾಕುತ್ತದೆ. ನಾಲ್ಕು ಪದರಕ್ಕೆ ಗೋಡೆಯನ್ನು ನಾಲ್ಕು ಸಲ ಬರೆಯಬೇಕು. 64 ಸಲ ಇದ್ದದ್ದು 16ಕ್ಕೆ ಇಳಿಯಿತು. ಅಷ್ಟೇ ಅಲ್ಲ, ಗೋಡೆಯ ತ್ರಿಕೋನಗಳನ್ನೂ ನಾಲ್ಕು ಸಲ ಕಳಿಸಬೇಕು. ಎಕ್ಸ್‌ಬಾಕ್ಸ್ ಚಿಪ್ ಒಂದು ಸೈಕಲ್‌ಗೆ ಪ್ರತಿ ಪಿಕ್ಸೆಲ್‌ಗೆ ಎರಡು ಟೆಕ್ಸ್ಚರ್ ಓದುತ್ತದೆ, ಒಂದೇ ಸುತ್ತಿನಲ್ಲಿ ನಾಲ್ಕನ್ನು ಬೆರೆಸುತ್ತದೆ. ನಾಲ್ಕು ಪದರಕ್ಕೆ ಎರಡೇ ಸೈಕಲ್, ಅಂದರೆ 25 ಸಲ. ಗೇಮ್‌ಕ್ಯೂಬ್ ಒಂದು ಸುತ್ತಿನಲ್ಲಿ ಎಂಟು ಟೆಕ್ಸ್ಚರ್‌ವರೆಗೂ ಬೆರೆಸುತ್ತದೆ, ಆದರೆ ಪದರಕ್ಕೊಂದು ಸೈಕಲ್ ಬೇಕು. 35 ಇದ್ದದ್ದು ಸುಮಾರು 9ಕ್ಕೆ ಇಳಿಯುತ್ತದೆ. ತ್ರಿಕೋನಗಳನ್ನು ಮಾತ್ರ ಒಂದೇ ಸಲ ಕಳಿಸಿದರೆ ಸಾಕು.

ನೋಡಿ, ಒಂದು ಪದರದಲ್ಲಿ ಪಿಎಸ್2 ಮೊದಲು. ನಾಲ್ಕು ಪದರದಲ್ಲಿ ಎಕ್ಸ್‌ಬಾಕ್ಸ್ ಮೊದಲು. ಯಾವ ಯಂತ್ರ ಜೋರು ಅನ್ನುವ ಪ್ರಶ್ನೆಗೆ ಉತ್ತರ, ಗೇಮ್ ಮಾಡುವವರು ಏನನ್ನು ಬರೆಯಹೊರಟರು ಅನ್ನುವುದರ ಮೇಲೆ ನಿಂತಿದೆ. ಗೋಡೆ, ನೆಲ, ಚರ್ಮದ ಒರಟುತನ ತೋರಿಸುವ ಬಂಪ್ ಮ್ಯಾಪಿಂಗ್ ಎಕ್ಸ್‌ಬಾಕ್ಸ್‌ನ ಪಿಕ್ಸೆಲ್ ಶೇಡರ್‌ಗಳಿಗೆ (ಪ್ರತಿ ಪಿಕ್ಸೆಲ್‌ನ ಬಣ್ಣದ ಲೆಕ್ಕ ಮಾಡುವ ಘಟಕಗಳಿಗೆ) ಸಹಜವಾದ ಕೆಲಸ. ಡೂಮ್ 3 ಆ ತಲೆಮಾರಿನಲ್ಲಿ ಎಕ್ಸ್‌ಬಾಕ್ಸ್‌ಗೆ ಮಾತ್ರ ಬಂದದ್ದು, ಅದೂ 2005ರಲ್ಲಿ. ಇಡೀ ಗೇಮ್ ನಿಂತಿರುವುದೇ ಇಂಥ ಪದರಗಳ ಮೇಲೆ.

ನಿಮ್ಮ ಕಾಗದದಲ್ಲಿ ಒಂದು, ಎರಡು, ನಾಲ್ಕು ಪದರಕ್ಕೆ ಮೂರು ಕಾಲಮ್ ಮಾಡಿ ಈ ಅಂಕಿಗಳನ್ನು ಬರೆದುಕೊಳ್ಳಿ. ಮುಂದೆ ಗೇಮ್ ನೋಡುವಾಗ ಬೇಕಾಗುತ್ತದೆ.

ಹಂತ 5: ಮೆಮೊರಿ ಎಲ್ಲಿ ಸಾಲದೆ ಬರುತ್ತದೆ ಅಂತ ಹುಡುಕಿ

640×480, 32 ಬಿಟ್ ಬಣ್ಣ. ಒಂದು ಚಿತ್ರಕ್ಕೆ 12,28,800 ಬೈಟ್. ಪಿಎಸ್2 ಚಿಪ್‌ನ ಒಳಗೆ ತೋರಿಸುತ್ತಿರುವ ಚಿತ್ರ ಒಂದು, ಬರೆಯುತ್ತಿರುವ ಚಿತ್ರ ಒಂದು, ಆಳದ ಮಾಹಿತಿ ಒಂದು, ಮೂರಕ್ಕೂ ಜಾಗ ಬೇಕು. ಒಟ್ಟು 36,86,400. ಇರುವುದು 41,94,304. ಟೆಕ್ಸ್ಚರ್‌ಗೆ ಉಳಿಯುವುದು ಅರ್ಧ ಎಂಬಿಯಷ್ಟು. ಅದೇ 512×448 ಮಾಡಿದರೆ ಸುಮಾರು 1.4 ಎಂಬಿ ಉಳಿಯುತ್ತದೆ. ಎಷ್ಟೋ ಪಿಎಸ್2 ಗೇಮ್‌ಗಳು 512 ಅಗಲದಲ್ಲಿ ಇರುವುದಕ್ಕೆ ಇದು ಮುಖ್ಯ ಕಾರಣ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 4 ಎಂಬಿಯನ್ನು ನೋಡಿ, ಪಿಎಸ್2ನಲ್ಲಿ ಟೆಕ್ಸ್ಚರ್‌ಗೆ ಅಷ್ಟೇ ಜಾಗ ಅನ್ನುತ್ತಾರೆ. ಅದು ಅಡುಗೆಮನೆಯ ಕಟ್ಟೆ ಇದ್ದ ಹಾಗೆ, ಉಗ್ರಾಣ ಅಲ್ಲ. ಉಗ್ರಾಣ 32 ಎಂಬಿ ಮುಖ್ಯ ಮೆಮೊರಿ. ಅಲ್ಲಿಂದ ಚಿಪ್‌ಗೆ ಸೆಕೆಂಡಿಗೆ 1.2 ಜಿಬಿ ಕಳಿಸಬಹುದು. 60ರಿಂದ ಭಾಗಿಸಿದರೆ ಫ್ರೇಮ್‌ಗೆ ಗರಿಷ್ಠ 20 ಎಂಬಿ. ತ್ರಿಕೋನಗಳೂ ಅದೇ ದಾರಿಯಲ್ಲಿ ಹೋಗಬೇಕು, ಆದ್ದರಿಂದ ಪೂರ್ತಿ ಸಿಗುವುದಿಲ್ಲ. ಆದರೂ ಅರ್ಧ ಎಂಬಿಗಿಂತ ಎಷ್ಟೋ ಪಾಲು ಜಾಸ್ತಿ. ಒಂದು ಫ್ರೇಮ್ ಮುಗಿಯುವುದರೊಳಗೆ ಟೆಕ್ಸ್ಚರ್‌ಗಳನ್ನು ತರುತ್ತಾ, ಬಳಸುತ್ತಾ, ಅಳಿಸುತ್ತಾ ಹೋಗುವುದೇ ಆ ಯಂತ್ರದ ಪಳಗಿದ ಪ್ರೋಗ್ರಾಮರ್‌ಗಳ ಕೈಚಳಕ. ಮೊದಲ ವರ್ಷದ ಗೇಮ್‌ಗೂ ಕೊನೆಯ ವರ್ಷದ ಗೇಮ್‌ಗೂ ಅಷ್ಟು ವ್ಯತ್ಯಾಸ ಕಾಣುವುದು ಇದರಿಂದ.

ಗೇಮ್‌ಕ್ಯೂಬ್‌ಗೆ ಬನ್ನಿ. ಚಿಪ್ ಒಳಗೆ ಚಿತ್ರಕ್ಕೆ 2 ಎಂಬಿ. 640×528 ಪಿಕ್ಸೆಲ್, ಬಣ್ಣಕ್ಕೆ 3 ಬೈಟ್, ಆಳಕ್ಕೆ 3 ಬೈಟ್. ಗುಣಿಸಿ: 20,27,520. ಎರಡು ಎಂಬಿಗೆ ಒಳಗೇ, ಕೂದಲೆಳೆಯಷ್ಟು ಜಾಗ ಬಿಟ್ಟು. ಬಣ್ಣಕ್ಕೆ 24 ಬಿಟ್ ಮಾತ್ರ ಇರುವುದರಿಂದ ಚಿತ್ರದಲ್ಲಿ ಆಲ್ಫಾವನ್ನೂ (ಪಾರದರ್ಶಕತೆಯ ಅಳತೆಯನ್ನೂ) ಇಟ್ಟುಕೊಳ್ಳಬೇಕಾದರೆ ಒಂದೊಂದು ಬಣ್ಣ 8 ಬಿಟ್‌ನಿಂದ 6 ಬಿಟ್‌ಗೆ ಇಳಿಯುತ್ತದೆ. ಕೆಲವು ಗೇಮ್‌ಕ್ಯೂಬ್ ಗೇಮ್‌ಗಳ ಆಕಾಶದಲ್ಲಿ ಬಣ್ಣ ಪಟ್ಟೆಪಟ್ಟೆಯಾಗಿ ಅಥವಾ ಚುಕ್ಕಿಚುಕ್ಕಿಯಾಗಿ ಕಂಡರೆ ಕೇಬಲ್ ಮೇಲೆ ಅನುಮಾನ ಪಡುವ ಮುಂಚೆ ಇದನ್ನು ಯೋಚಿಸಿ.

ಎಕ್ಸ್‌ಬಾಕ್ಸ್‌ಗೆ ಇಂಥ ಗೋಡೆ ಇಲ್ಲ. 64 ಎಂಬಿಯಲ್ಲಿ ಬೇಕಾದಷ್ಟು ದೊಡ್ಡ ಚಿತ್ರ ಇಟ್ಟುಕೊಳ್ಳಬಹುದು, 720ಪಿ ಕೂಡ.

ಟೆಕ್ಸ್ಚರ್ ಎಷ್ಟು ಜಾಗ ತಿನ್ನುತ್ತದೆ ಅನ್ನುವುದನ್ನೂ ನೋಡಬೇಕು. 256×256ರ ಒಂದು ಟೆಕ್ಸ್ಚರ್ 32 ಬಿಟ್‌ನಲ್ಲಿ 256 ಕೆಬಿ. ಎಕ್ಸ್‌ಬಾಕ್ಸ್, ಗೇಮ್‌ಕ್ಯೂಬ್ ಎರಡಕ್ಕೂ ಬರುವ ಎಸ್3ಟಿಸಿ ಕಂಪ್ರೆಷನ್‌ನಲ್ಲಿ ಅದು 32 ಕೆಬಿ. ಡ್ರೀಮ್‌ಕಾಸ್ಟ್‌ನ ವಿಕ್ಯೂ ವಿಧಾನದಲ್ಲಿ 18 ಕೆಬಿ. ಪಿಎಸ್2ಗೆ ಇಂಥ ಕಂಪ್ರೆಷನ್ ಇಲ್ಲ. 256 ಬಣ್ಣಗಳ ಪಟ್ಟಿ ಇಟ್ಟುಕೊಂಡರೆ 65 ಕೆಬಿ, 16 ಬಣ್ಣಕ್ಕೆ ಇಳಿದರೆ 32 ಕೆಬಿ ಚಿಲ್ಲರೆ. ಎಲ್ಲರಿಗಿಂತ ಹಳೆಯ ಡ್ರೀಮ್‌ಕಾಸ್ಟ್‌ನ ಕೆಲವು ಟೆಕ್ಸ್ಚರ್‌ಗಳು ಮೊದಮೊದಲ ಪಿಎಸ್2 ಗೇಮ್‌ಗಳಿಗಿಂತ ಚೆನ್ನಾಗಿ ಕಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಹಂತ 6: ಗೇಮ್ ಆರಿಸಿ

ಕಾಗದದ ಲೆಕ್ಕ ಮುಗಿಯಿತು. ಈಗ ಗೇಮ್. ಮೂರು ಬಗೆಯವು ಬೇಕು.

ಒಂದು, ಒಂದೇ ಸಮಯಕ್ಕೆ ಪಿಎಸ್2, ಗೇಮ್‌ಕ್ಯೂಬ್, ಎಕ್ಸ್‌ಬಾಕ್ಸ್ ಮೂರಕ್ಕೂ ಬಂದದ್ದು, 2003ರ ಸೋಲ್‌ಕ್ಯಾಲಿಬರ್ 2 ತರಹ. ಚಿಕ್ಕ ಅಖಾಡ, ಇಬ್ಬರೇ ಪಾತ್ರಗಳು, ಒಂದೇ ಹೊಡೆತವನ್ನು ಮತ್ತೆ ಮತ್ತೆ ಮಾಡಿ ಅದೇ ದೃಶ್ಯ ಹಿಡಿಯಬಹುದು. ಎರಡು, ಒಂದು ಯಂತ್ರಕ್ಕಾಗಿ ಮಾಡಿ ಆಮೇಲೆ ಇನ್ನೊಂದಕ್ಕೆ ತಂದದ್ದು. ಸ್ಪ್ಲಿಂಟರ್ ಸೆಲ್ 2002ರಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದು ಮರುವರ್ಷ ಪಿಎಸ್2 ಮತ್ತು ಗೇಮ್‌ಕ್ಯೂಬ್‌ಗೆ ಬಂತು. ಬರುವಾಗ ನೆರಳು ಬೆಳಕಿನ ಆಟ ಸರಳವಾಯಿತು, ಹಂತಗಳನ್ನು ಅಲ್ಲಲ್ಲಿ ತುಂಡು ಮಾಡಿ ಮತ್ತೆ ಕಟ್ಟಬೇಕಾಯಿತು. ಮೂರು, ಆಯಾ ಯಂತ್ರಕ್ಕಾಗಿಯೇ ಮಾಡಿದವು: ಗ್ರಾನ್ ಟುರಿಸ್ಮೊ 4, ಮೆಟ್ರಾಯ್ಡ್ ಪ್ರೈಮ್, ಹೇಲೊ 2 ತರಹದವು. ಇವು ಯಂತ್ರದ ಗರಿಷ್ಠ ಸಾಮರ್ಥ್ಯ ತೋರಿಸುತ್ತವೆ, ಆದರೆ ಪಕ್ಕಪಕ್ಕ ಇಟ್ಟು ಅಳೆಯಲು ಬರುವುದಿಲ್ಲ.

ಬರೀ ಮೊದಲ ಬಗೆಯನ್ನು ನಂಬಬೇಡಿ. ಆಗ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತಿದ್ದದ್ದು ಪಿಎಸ್2. ಅದಕ್ಕೆ ಹೊಂದುವ ಹಾಗೆ ಗೇಮ್ ಮಾಡಿ ಉಳಿದ ಯಂತ್ರಗಳಿಗೆ ಹಾಗೇ ಹಾಕಿದ್ದರೆ, ಆ ಯಂತ್ರಗಳ ಶಕ್ತಿ ಅಲ್ಲಿ ಕಾಣುವುದೇ ಇಲ್ಲ.

ಹಂತ 7: ಚಿತ್ರವನ್ನು ಸರಿಯಾಗಿ ಹಿಡಿಯಿರಿ

ಹೋಲಿಕೆಗಳು ಹೆಚ್ಚಾಗಿ ಕೆಡುವುದು ಇಲ್ಲೇ. ಒಂದು ಯಂತ್ರವನ್ನು ಹಳದಿ ಪಿನ್ನಿನ ಕಾಂಪೊಸಿಟ್ ಕೇಬಲ್‌ನಲ್ಲಿ, ಇನ್ನೊಂದನ್ನು ಕಾಂಪೊನೆಂಟ್‌ನಲ್ಲಿ ಜೋಡಿಸಿದರೆ ನೀವು ಹೋಲಿಸುತ್ತಿರುವುದು ಕೇಬಲ್‌ಗಳನ್ನು. ಎಲ್ಲಕ್ಕೂ ಕಾಂಪೊನೆಂಟ್ ಅಥವಾ ಆರ್‌ಜಿಬಿ ಬಳಸಿ. ಡ್ರೀಮ್‌ಕಾಸ್ಟ್‌ಗೆ ವಿಜಿಎ ಇದೆ. ಗೇಮ್‌ಕ್ಯೂಬ್‌ನ ಡಿಜಿಟಲ್ ಔಟ್‌ಪುಟ್ ನಂತರದ ಮಾಡೆಲ್‌ಗಳಲ್ಲಿ ಇಲ್ಲ, ಕೊಳ್ಳುವ ಮುಂಚೆ ಹಿಂಭಾಗ ತಿರುಗಿಸಿ ನೋಡಿ.

480ಐ (ಒಂದು ಸಲಕ್ಕೆ ಒಂದು ಬಿಟ್ಟು ಒಂದು ಸಾಲು ಕಳಿಸುವ ಇಂಟರ್‌ಲೇಸ್ಡ್ ಚಿತ್ರ) ಮತ್ತು 480ಪಿ (ಎಲ್ಲ ಸಾಲುಗಳನ್ನೂ ಒಟ್ಟಿಗೆ ಕಳಿಸುವುದು) ಬೆರೆಸಬೇಡಿ. ಇಂಟರ್‌ಲೇಸ್ಡ್ ಚಿತ್ರ ಮಿನುಗದಿರಲಿ ಅಂತ ಗೇಮ್‌ಗಳು ಮೇಲಿನ ಕೆಳಗಿನ ಸಾಲುಗಳನ್ನು ಸ್ವಲ್ಪ ಬೆರೆಸಿ ಮಸುಕು ಮಾಡುವುದುಂಟು. ಅದು ಶಕ್ತಿಯ ಕೊರತೆ ಅಲ್ಲ. ಪ್ರದೇಶವೂ ಒಂದೇ ಇರಲಿ: ಯುರೋಪ್ ಕಡೆಯ 50 ಹರ್ಟ್ಸ್‌ನ ಪಾಲ್ ಗೇಮ್‌ಗೆ ಒಂದು ಫ್ರೇಮ್ ಬರೆಯಲು 20 ಮಿಲಿಸೆಕೆಂಡ್ ಸಿಗುತ್ತದೆ, 60 ಹರ್ಟ್ಸ್‌ನದಕ್ಕೆ 16.7 ಮಾತ್ರ.

ಎಮ್ಯುಲೇಟರ್‌ನಲ್ಲಿ (ಕನ್ಸೋಲ್ ಗೇಮ್‌ಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಸಾಫ್ಟ್‌ವೇರ್‌ನಲ್ಲಿ) ಹಿಡಿದ ಚಿತ್ರ ಪುರಾವೆ ಆಗುವುದಿಲ್ಲ, ಯಾಕೆಂದರೆ ಅದು ರೆಸಲ್ಯೂಶನ್ ಏರಿಸಿಬಿಡಬಹುದು. ಆದರೆ ಒಳಗೆ ಏನು ನಡೆಯುತ್ತಿದೆ ಅಂತ ನೋಡಲಿಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಗೇಮ್‌ಕ್ಯೂಬ್ ಎಮ್ಯುಲೇಟರ್ ಡಾಲ್ಫಿನ್‌ನ ಫೈಫೊ ಪ್ಲೇಯರ್‌ನಲ್ಲಿ ಒಂದು ಫ್ರೇಮ್‌ನ ಗ್ರಾಫಿಕ್ಸ್ ಆದೇಶಗಳನ್ನು ದಾಖಲಿಸಿ, ಒಂದೊಂದೇ ವಸ್ತು ಪರದೆಗೆ ಬರುವುದನ್ನು ನೋಡಬಹುದು. ಹಂತ 4ರಲ್ಲಿ ಕಾಗದದ ಮೇಲೆ ಹಾಕಿದ ಪದರಗಳು ಅಲ್ಲಿ ಕಣ್ಣೆದುರೇ ಕಾಣುತ್ತವೆ.

ಹಂತ 8: ಪಿಕ್ಸೆಲ್ ಮತ್ತು ಫ್ರೇಮ್ ಎಣಿಸಿ

ಗೇಮ್ ಯಾವ ರೆಸಲ್ಯೂಶನ್‌ನಲ್ಲಿ ಬರೆಯುತ್ತಿದೆ ಅಂತ ಕಂಡುಹಿಡಿಯಲು ಓರೆ ಅಂಚಿನಲ್ಲಿ ಪಿಕ್ಸೆಲ್‌ಗಳಿಂದ ಆಗುವ ಮೆಟ್ಟಿಲು ಎಣಿಸಬೇಕು. ಅಗಲ ತಿಳಿಯಬೇಕಾದರೆ ಹೆಚ್ಚುಕಡಿಮೆ ನೆಟ್ಟಗೆ ನಿಂತ, ಸ್ವಲ್ಪವೇ ಓರೆಯಾದ ಅಂಚು ಹುಡುಕಿ. ಕಂಬ, ಕತ್ತಿ, ಬಾಗಿಲ ಚೌಕಟ್ಟು ಯಾವುದಾದರೂ ಸರಿ. ಕ್ಯಾಪ್ಚರ್ ಮಾಡಿದ ಚಿತ್ರವನ್ನು 640 ಅಗಲಕ್ಕೆ ಹೊಂದಿಸಿಕೊಂಡು ದೊಡ್ಡದು ಮಾಡಿ. ಅಡ್ಡಡ್ಡವಾಗಿ 100 ಪಿಕ್ಸೆಲ್ ಸರಿಯುವಷ್ಟರಲ್ಲಿ ಆ ಅಂಚಿನಲ್ಲಿ ಎಷ್ಟು ಮೆಟ್ಟಿಲು ಇವೆ ಎಣಿಸಿ. 100 ಇದ್ದರೆ ಗೇಮ್ 640ರಲ್ಲೇ ಇದೆ. 80 ಇದ್ದರೆ 512. ಒಂದೇ ಅಂಚು 100 ಪಿಕ್ಸೆಲ್ ಸರಿಯದಿದ್ದರೆ 50ಕ್ಕೆ ಎಣಿಸಿ ಎರಡರಿಂದ ಗುಣಿಸಿ. ಎತ್ತರಕ್ಕೆ ಇದೇ ಕ್ರಮ, ಆದರೆ ಹೆಚ್ಚುಕಡಿಮೆ ಮಲಗಿದ ಅಂಚಿನಲ್ಲಿ. ಅನಲಾಗ್ ಕೇಬಲ್‌ನಲ್ಲಿ ಅಗಲದ ಎಣಿಕೆ ಸ್ವಲ್ಪ ಮಸುಕಾಗುತ್ತದೆ, ಎತ್ತರದ್ದು ಖಚಿತವಾಗಿ ಸಿಗುತ್ತದೆ. ಹಾಗಾಗಿ ಅಗಲವನ್ನು ಎರಡು ಮೂರು ಬೇರೆ ಅಂಚುಗಳಲ್ಲಿ ಎಣಿಸಿ ತಾಳೆ ನೋಡಿ.

ಫ್ರೇಮ್‌ರೇಟ್‌ಗೆ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದಕ್ಕೆ) ಡೀಇಂಟರ್‌ಲೇಸ್ ಮಾಡದೆ, ಅಂದರೆ ಅರ್ಧರ್ಧ ಸಾಲುಗಳನ್ನು ಕೂಡಿಸದೆ ರೆಕಾರ್ಡ್ ಮಾಡಿ, ಫೀಲ್ಡ್‌ಗಳನ್ನು (ಒಂದು ಸಲಕ್ಕೆ ಬರುವ ಅರ್ಧ ಸಾಲುಗಳನ್ನು) ಬೇರ್ಪಡಿಸಿ, ಒಂದೊಂದಾಗಿ ಮುಂದಕ್ಕೆ ಹೋಗಿ. ಪ್ರತಿ ಫೀಲ್ಡ್‌ನಲ್ಲೂ ವಸ್ತುಗಳು ಸರಿದರೆ 60. ಎರಡು ಫೀಲ್ಡ್‌ಗೊಮ್ಮೆ ಸರಿದರೆ 30. ಸರಾಸರಿ ಬರೆದು ಸುಮ್ಮನಾಗಬೇಡಿ. ಸ್ಫೋಟ ಆದಾಗ, ಹೊಗೆ ಪರದೆ ತುಂಬಿದಾಗ, ಶತ್ರುಗಳು ಗುಂಪಾಗಿ ಬಂದಾಗ ಬೇರೆ ಬೇರೆಯಾಗಿ ಬರೆಯಿರಿ. ಹೊಗೆಯಲ್ಲಿ ಕುಸಿದರೆ ಪಿಕ್ಸೆಲ್ ಬರೆಯುವುದರಲ್ಲಿ ತೊಂದರೆ. ಗುಂಪಿನಲ್ಲಿ ಕುಸಿದರೆ ತ್ರಿಕೋನದಲ್ಲೋ ಪ್ರೊಸೆಸರ್‌ನಲ್ಲೋ. ಹಂತ 3ರ ಅಂಕಿಗಳು ಇಲ್ಲಿ ಮಾತಾಡಲು ಶುರು ಮಾಡುತ್ತವೆ.

ಹಂತ 9: ಒಂದು ದೃಶ್ಯವನ್ನು ಹತ್ತಿರದಿಂದ ನೋಡಿ

ರೆಸಿಡೆಂಟ್ ಈವಿಲ್ 4 ಈ ಅಭ್ಯಾಸಕ್ಕೆ ಹೇಳಿಮಾಡಿಸಿದ ಗೇಮ್. ಗೇಮ್‌ಕ್ಯೂಬ್‌ಗೆ 2005ರ ಜನವರಿಯಲ್ಲಿ ಬಂತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಪಿಎಸ್2ಗೆ. ಎರಡರಲ್ಲೂ ಮೊದಲ ಹಳ್ಳಿಗೆ ಹೋಗಿ ನಿಲ್ಲಿ. ಪಿಎಸ್2ನಲ್ಲಿ ಪಾತ್ರಗಳ, ಪರಿಸರದ ತ್ರಿಕೋನಗಳು ಕಡಿಮೆ, ಬೆಳಕಿನ ಪರಿಣಾಮಗಳೂ ಸರಳ.

ಇನ್ನೂ ಒಳ್ಳೆಯ ಸುಳಿವು ಕಥೆಯ ದೃಶ್ಯಗಳಲ್ಲಿದೆ. ಗೇಮ್ ಮುಗಿಸಿ ಅದರ ನಾಯಕ ಲಿಯಾನ್‌ಗೆ ಬೇರೆ ಉಡುಪು ಹಾಕಿಸಿ ಮತ್ತೆ ಆಡಿ. ಗೇಮ್‌ಕ್ಯೂಬ್‌ನ ಕಥಾದೃಶ್ಯದಲ್ಲಿ ಅವನು ಆ ಹೊಸ ಉಡುಪಿನಲ್ಲೇ ಇರುತ್ತಾನೆ, ಯಾಕೆಂದರೆ ಯಂತ್ರ ಆ ಕ್ಷಣದಲ್ಲೇ ಅದನ್ನು ಬರೆಯುತ್ತಿದೆ. ಪಿಎಸ್2ನಲ್ಲಿ ಹಳೆಯ ಉಡುಪೇ. ಅಲ್ಲಿ ಓಡುತ್ತಿರುವುದು ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೊ. ಒಂದು ಅಂಗಿ ನೋಡಿ ಯಂತ್ರದ ಮಿತಿ ಎಲ್ಲಿತ್ತು ಅಂತ ಹೇಳಬಹುದು, ಅಲ್ವಾ?

ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಬರೆದುಕೊಳ್ಳಬೇಕು. ಗೇಮ್‌ಕ್ಯೂಬ್ ಆವೃತ್ತಿಯ ಚಿತ್ರದ ಮೇಲೆ ಕೆಳಗೆ ಕಪ್ಪು ಪಟ್ಟಿ ಇದೆ. ಅಷ್ಟು ಸಾಲುಗಳನ್ನು ಅದು ಬರೆಯುವುದೇ ಬೇಡ. ಪಿಎಸ್2ನಲ್ಲಿ ಪರದೆ ತುಂಬುವ ಅಗಲ ಪರದೆ ಆಯ್ಕೆ ಇದೆ. ಇಬ್ಬರ ಹೊರೆ ಒಂದೇ ಅಲ್ಲ. ಜತೆಗೆ ಗೇಮ್ ಹುಟ್ಟಿದ್ದೇ ಗೇಮ್‌ಕ್ಯೂಬ್‌ಗಾಗಿ. ಪದರ ಬೆರೆಸುವ ಅದರ ವಿಧಾನಕ್ಕೆ ಹೊಂದಿಸಿ ಮಾಡಿದ್ದನ್ನು ಪಿಎಸ್2ಗೆ ತರುವಾಗ ನಷ್ಟ ಆಗಿಯೇ ಆಗುತ್ತದೆ.

ಹಂತ 10: ತೀರ್ಪನ್ನು ಕೆಲಸಕ್ಕೊಂದರಂತೆ ಬರೆಯಿರಿ

ಹತ್ತಕ್ಕೆ ಇಷ್ಟು ಅಂತ ಅಂಕ ಕೊಡಬೇಡಿ. ಕೆಲಸದ ಹೆಸರು, ಮುಂದಿರುವ ಯಂತ್ರ, ಕಾರಣ, ಅದನ್ನು ತೋರಿಸುವ ದೃಶ್ಯ, ಈ ನಾಲ್ಕನ್ನು ಒಂದು ಸಾಲಿನಲ್ಲಿ ಬರೆಯಿರಿ. ನನ್ನ ಪಟ್ಟಿ ಹೀಗಿದೆ: ಪದರಗಳ ಮೇಲ್ಮೈ, ಶೇಡರ್, ದೊಡ್ಡ ಟೆಕ್ಸ್ಚರ್, ಹೆಚ್ಚಿನ ರೆಸಲ್ಯೂಶನ್‌ನಲ್ಲಿ ಎಕ್ಸ್‌ಬಾಕ್ಸ್. ಪಾರದರ್ಶಕ ಪದರ, ಪರದೆ ತುಂಬುವ ಪರಿಣಾಮಗಳಲ್ಲಿ ಪಿಎಸ್2. ಕಾಗದದ ಅಂಕಿಗೂ ಗೇಮ್‌ನಲ್ಲಿ ಸಿಗುವುದಕ್ಕೂ ಅಂತರ ಕಡಿಮೆ ಇರುವುದರಲ್ಲಿ ಗೇಮ್‌ಕ್ಯೂಬ್. ಮೆಮೊರಿಯನ್ನು ಹಿತಮಿತವಾಗಿ ಬಳಸುವುದರಲ್ಲಿ ಡ್ರೀಮ್‌ಕಾಸ್ಟ್. ಒಟ್ಟಾರೆ ಒಂದನ್ನೇ ಹೇಳಿ ಅಂದರೆ ಎಕ್ಸ್‌ಬಾಕ್ಸ್ ಅನ್ನುತ್ತೇನೆ. ಆದರೆ ಎಂಜಿನಿಯರಿಂಗ್ ನೋಡಿ ಮನಸೋಲುವುದು ಗೇಮ್‌ಕ್ಯೂಬ್‌ಗೆ.

ಇದೇ ಕ್ರಮ ಮುಂದಿನ ತಲೆಮಾರಿಗೂ ನಡೆಯುತ್ತದೆ. ನಿಂಟೆಂಡೊ ವೀ ಕನ್ಸೋಲ್‌ನ ಗ್ರಾಫಿಕ್ಸ್ ಚಿಪ್ 243 ಮೆಗಾಹರ್ಟ್ಸ್, ಗೇಮ್‌ಕ್ಯೂಬ್‌ನ ಸರಿಯಾಗಿ ಒಂದೂವರೆ ಪಟ್ಟು. ಹಂತ 3ರ 35 ಅಲ್ಲಿ ಸುಮಾರು 52 ಆಗುತ್ತದೆ. ಎಕ್ಸ್‌ಬಾಕ್ಸ್ 360ಗೆ ಹಂತ 5ರಿಂದ ಶುರು ಮಾಡಿ. ಅದರಲ್ಲಿ ಚಿತ್ರಕ್ಕೆ ಮೀಸಲಾದ ವೇಗದ ಮೆಮೊರಿ 10 ಎಂಬಿ. 1280×720 ಪಿಕ್ಸೆಲ್, ಬಣ್ಣ ಮತ್ತು ಆಳ ಸೇರಿ 8 ಬೈಟ್: ಸುಮಾರು 7.4 ಎಂಬಿ, ಸರಾಗವಾಗಿ ಹಿಡಿಸುತ್ತದೆ. ಅಂಚು ನುಣುಪು ಮಾಡಲು ನಾಲ್ಕು ಪಟ್ಟು ಮಾದರಿ ತೆಗೆದರೆ ಸುಮಾರು 29.5 ಎಂಬಿ, ಹಿಡಿಸುವುದಿಲ್ಲ. ಚಿತ್ರವನ್ನು ಮೂರು ತುಂಡು ಮಾಡಿ ಬರೆಯಬೇಕು. ಪಿಎಸ್3ಗೆ ಇಂಥ ಪ್ರತ್ಯೇಕ ಮೆಮೊರಿ ಇಲ್ಲ, ಅದರ ಗ್ರಾಫಿಕ್ಸ್ ಚಿಪ್ ತನ್ನ 256 ಎಂಬಿ ಮತ್ತು ಮುಖ್ಯ ಮೆಮೊರಿಯಲ್ಲೇ ಎಲ್ಲವನ್ನೂ ಓದಿ ಬರೆಯಬೇಕು. ಅದರ ಹೊಗೆಯ ದೃಶ್ಯಗಳಿಂದ ನಿಮ್ಮ ಎಣಿಕೆ ಶುರುವಾಗಲಿ.